‘ಪೊಲೀಸರು ಬಂದರು’ ಅಂದರೆ ಯಾರು ಬಂದರು?

ಪೆರಿಯನಾಯಕನಪಾಳ್ಯಂ: ‘ದ ಪೊಲೀಸ್ ಈಸ್ ಕಮಿಂಗ್’ ಸರಿಯೋ, ‘ದ ಪೊಲೀಸ್ ಆರ್ ಕಮಿಂಗ್’ ಸರಿಯೋ? ಮೆಟ್ಟುಪಾಳ್ಯಂ ರಸ್ತೆಯ ಈ ಊರಿನಲ್ಲಿ ಇಂಗ್ಲಿಷ್ ಮೀಡಿಯಂ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ವರ್ಷಕ್ಕೆ ಒಂದು ಸಲವಾದರೂ ಈ ಪ್ರಶ್ನೆ ಹೋಂವರ್ಕ್ ಪುಸ್ತಕದಿಂದ ಎದ್ದು ಬರುತ್ತದೆ. ಶಿಫ್ಟ್ ಮುಗಿಸಿ ಬಂದ ಅಪ್ಪ ಚಹಾ ಕುಡಿಯುತ್ತಲೇ ‘ಒಬ್ಬ ಬಂದ್ರೆ ಈಸ್, ತುಂಬಾ ಜನ ಬಂದ್ರೆ ಆರ್, ಬರ್ಕೋ ಹೋಗು’ ಅಂದುಬಿಡುತ್ತಾರೆ. ಮರುದಿನ ಟೀಚರ್ ಕೆಂಪು ಗೀಟು ಎಳೆದು ಕಳುಹಿಸುತ್ತಾರೆ. ಅಪ್ಪನಿಗೆ ಮುಖಭಂಗ, ಮಗನಿಗೆ ಅರ್ಧ ಮಾರ್ಕು ಖೋತಾ.

ಟೀಚರ್ ಹಾಕಿದ ಗೀಟು ಸರಿಯೇ. ಇಂಗ್ಲಿಷಿನಲ್ಲಿ ಪೊಲೀಸ್ ಎಂಬ ನಾಮಪದ ನೋಡಲು ಏಕವಚನ, ನಡೆಯುವುದು ಯಾವಾಗಲೂ ಬಹುವಚನದ ಹಾಗೆ. ‘ದ ಪೊಲೀಸ್ ಆರ್’, ‘ದ ಪೊಲೀಸ್ ಹ್ಯಾವ್’ ಅಷ್ಟೇ. ‘ಎ ಪೊಲೀಸ್’ ಅನ್ನುವಂತಿಲ್ಲ. ಬಂದವರು ಒಬ್ಬರೇ ಆಗಿದ್ದರೆ ಆ ಪದವನ್ನೇ ಬಿಡಬೇಕು. ಪೊಲೀಸ್‌ಮನ್, ಪೊಲೀಸ್ ಆಫೀಸರ್, ಕಾನ್‌ಸ್ಟೇಬಲ್, ಎಸ್‌ಐ ಎಂದು ಬೇರೆ ಪದ ತರಬೇಕು.

ಮಕ್ಕಳಿಗೆ ಇದನ್ನು ಕನ್ನಡದಲ್ಲೇ ಸುಲಭವಾಗಿ ಹೇಳಿಕೊಡಬಹುದು. ನಮ್ಮಲ್ಲಿ ‘ಜನ’ ಎಂಬ ಪದ ಇದೆಯಲ್ಲ, ಅದೂ ಹೀಗೇ. ‘ಜನ ಬಂದರು’ ಅನ್ನುತ್ತೇವೆ, ಪದಕ್ಕೆ ‘ಗಳು’ ಹಚ್ಚದಿದ್ದರೂ ಕ್ರಿಯಾಪದ ಬಹುವಚನ. ‘ಹತ್ತು ಜನ ಬಂದರು’ ಸರಿ, ‘ಒಂದು ಜನ ಬಂದ’ ಅಂದರೆ ನಗುತ್ತಾರೆ. ಇಂಗ್ಲಿಷಿನಲ್ಲೂ ‘ಟೆನ್ ಪೊಲೀಸ್’ ನಡೆಯುತ್ತದೆ, ‘ಎ ಪೊಲೀಸ್’ ನಡೆಯುವುದಿಲ್ಲ. ಪೊಲೀಸ್ ಅಂದರೆ ಆಳಲ್ಲ, ಜನ. ಇಷ್ಟು ಹೇಳಿದರೆ ಆರನೇ ಕ್ಲಾಸಿನ ಹುಡುಗನಿಗೆ ಅರ್ಥವಾಗುತ್ತದೆ, ಮತ್ತೆ ಮರೆಯುವುದಿಲ್ಲ.

ಹಾಗಾದರೆ ಸುದ್ದಿ ಪುಟದಲ್ಲಿ ಈ ವ್ಯಾಕರಣ ಯಾಕೆ ಎಂದು ಓದುಗರು ಕೇಳಬಹುದು. ಗಡಿಯಾಚೆ ಬದುಕುವ ಕುಟುಂಬಗಳಿಗೆ ಈ ನಿಯಮದ ಬೆಲೆ ಅರ್ಧ ಮಾರ್ಕಿಗಿಂತ ಬಹಳ ದೊಡ್ಡದು. ಠಾಣೆಯ ಮೆಟ್ಟಿಲು ಹತ್ತಿದ ದಿನ, ಇಲ್ಲವೇ ಠಾಣೆ ಹೆಸರಿನಲ್ಲಿ ಯಾರಾದರೂ ಫೋನ್ ಮಾಡಿದ ದಿನ ಅದು ಗೊತ್ತಾಗುತ್ತದೆ.

ಕನ್ನಡದಲ್ಲಿ ನಾವು ‘ಪೊಲೀಸ್ ಬಂದ’ ಅನ್ನುತ್ತೇವೆ, ಸಿಟ್ಟಿದ್ದಾಗ. ಮರ್ಯಾದೆ ಕೊಟ್ಟರೆ ‘ಪೊಲೀಸರು ಬಂದರು’. ಇದರಲ್ಲಿ ಬಂದವರು ಒಬ್ಬರೋ ಹತ್ತು ಜನರೋ ತಿಳಿಯುವುದಿಲ್ಲ. ಗೌರವದ ಬಹುವಚನ ಲೆಕ್ಕವನ್ನು ನುಂಗಿಬಿಡುತ್ತದೆ. ನನ್ನ ಮನೆಮಾತು ಮರಾಠಿಯಲ್ಲಿ ‘ಏಕ್ ಪೋಲೀಸ್ ಆಲಾ’ ಅಂತ ಧಾರಾಳವಾಗಿ ಹೇಳಬಹುದು, ಅದೇ ವಾಕ್ಯ ಇಂಗ್ಲಿಷಿಗೆ ಹೋದರೆ ತಪ್ಪು. ತಮಿಳಿನಲ್ಲೂ ‘ಪೋಲೀಸ್ ವಂದಾಂಗ’ ಅಂದರೆ ಲೆಕ್ಕ ಸಿಗದು. ಮನೆಮಾತಿನಲ್ಲಿ ಇದರಿಂದ ತೊಂದರೆಯಿಲ್ಲ. ಅರ್ಜಿಯಲ್ಲಿ ತೊಂದರೆ.

ಒಂದು ಉದಾಹರಣೆ. ಚಾಮರಾಜನಗರ ಕಡೆಯಿಂದ ಬಂದು ಫೌಂಡ್ರಿಯಲ್ಲಿ ದುಡಿಯುವವರೊಬ್ಬರ ಬೈಕ್ ಕಳವಾಯಿತು. ಠಾಣೆಗೆ ಎರಡು ಸಲ ಹೋಗಿ ಬಂದರು. ಆಮೇಲೆ ಪರಿಚಯದ ಹುಡುಗನ ಕೈಲಿ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿ ಮೇಲಧಿಕಾರಿಗಳ ಕಚೇರಿಗೆ ಒಯ್ದರು. ಅರ್ಜಿಯಲ್ಲಿ ಇದ್ದದ್ದು: ಪೊಲೀಸ್ ಟೋಲ್ಡ್, ಪೊಲೀಸ್ ಆಸ್ಕ್‌ಡ್, ಪೊಲೀಸ್ ಸೆಡ್ ಕಮ್ ಟುಮಾರೊ. ಅಲ್ಲಿದ್ದವರು ಓದಿ ಕೇಳಿದ್ದು ಒಂದೇ ಪ್ರಶ್ನೆ, ‘ಯಾರು ಹೇಳಿದ್ದು?’ ಇವರಿಗೆ ಹೆಸರು ಗೊತ್ತಿಲ್ಲ, ಹುದ್ದೆ ಗೊತ್ತಿಲ್ಲ, ಹೋದ ತಾರೀಖೂ ಅಂದಾಜು. ಒಳಗೆ ಸಿಕ್ಕವರು ರೈಟರೋ, ಎಸ್‌ಐಯೋ, ಬಾಗಿಲಲ್ಲಿ ಸೆಂಟ್ರಿ ಡ್ಯೂಟಿಗೆ ನಿಂತವರೋ ಅದೂ ತಿಳಿಯದು. ಅರ್ಜಿ ಸುಳ್ಳೆಂದು ಯಾರೂ ಅನ್ನಲಿಲ್ಲ. ಅದರಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ, ಅಷ್ಟೇ.

ಪೊಲೀಸ್ ಅನ್ನುವ ಗುಂಪಿನ ಪದಕ್ಕೆ ಹೆಸರಿಲ್ಲ, ಮುಖವಿಲ್ಲ. ಒಬ್ಬರನ್ನು ಹೇಳಬೇಕಾದರೆ ಯಾರೆಂದು ಹೇಳಿ ಅನ್ನುವುದು ಇಂಗ್ಲಿಷ್ ವ್ಯಾಕರಣ. ಕಾನೂನು ಕೂಡ ಅದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನ ಪ್ರಕಾರ ಬಂಧಿಸುವ ಅಧಿಕಾರಿಯ ಹೆಸರು ನಿಖರವಾಗಿ, ಎದ್ದು ಕಾಣುವಂತೆ ಆತನ ಮೇಲೆ ಇರಬೇಕು. ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಮನೆಯವರೋ ಆ ಭಾಗದ ಗೌರವಸ್ಥರೋ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇದು 41-ಬಿ ಎಂದು ಇತ್ತು.

ಏಟ್ಟಯ್ಯ ಯಾರು, ಆಯ್ವಾಳರ್ ಯಾರು?

ಹುದ್ದೆ ಬರೆಯಿರಿ ಅಂದರೆ ನಮ್ಮವರು ಮೊದಲು ನೋಡುವುದು ಠಾಣೆಯ ಬೋರ್ಡನ್ನು. ಅಲ್ಲಿರುವುದು ತಮಿಳು. ನಿಜ ಹೇಳಬೇಕೆಂದರೆ ಈ ತಮಿಳು ಕನ್ನಡದವರಿಗೆ ಕಷ್ಟದ್ದಲ್ಲ, ಅಕ್ಷರ ಮಾತ್ರ ಬೇರೆ. ‘ಕಾವಲ್ ನಿಲೈಯಂ’ ಅಂದರೆ ಕಾವಲು ನಿಲಯ. ಕರ್ನಾಟಕದಲ್ಲಿ ಸರ್ಕಾರಿ ಕಾಗದಕ್ಕೆ ಬರುವ ‘ಆರಕ್ಷಕ ಠಾಣೆ’ಗಿಂತ ಇದೇ ನಮ್ಮ ಅಜ್ಜಿಯರಿಗೆ ಬೇಗ ತಿಳಿಯುತ್ತದೆ. ‘ಕಾವಲರ್’ ಕಾವಲಿನವರು, ಅಂದರೆ ಕಾನ್‌ಸ್ಟೇಬಲ್. ಇಲ್ಲಿ ಅದರಲ್ಲೂ ಎರಡನೇ ಗ್ರೇಡು, ಮೊದಲನೇ ಗ್ರೇಡು ಎಂದು ಉಂಟು. ‘ತಲೈಮೈ ಕಾವಲರ್’ ಹೆಡ್ ಕಾನ್‌ಸ್ಟೇಬಲ್. ಬೀದಿಯಲ್ಲಿ ಜನ ಅವರನ್ನು ‘ಏಟ್ಟು’, ಎದುರಿಗೆ ‘ಏಟ್ಟಯ್ಯಾ’ ಅನ್ನುತ್ತಾರೆ. ಹೊಸದಾಗಿ ಬಂದವರು ಇದು ಯಾವುದೋ ಮನೆತನದ ಹೆಸರು ಎಂದುಕೊಳ್ಳುವುದುಂಟು. ಅದು ಇಂಗ್ಲಿಷಿನ ‘ಹೆಡ್’ ತಮಿಳರ ಬಾಯಲ್ಲಿ ಏಟ್ಟು ಆಗಿ, ಮರ್ಯಾದೆಗೆ ಅಯ್ಯಾ ಸೇರಿದ್ದು.

‘ಆಯ್ವಾಳರ್’ ಅಂದರೆ ಇನ್‌ಸ್ಪೆಕ್ಟರ್. ನಮ್ಮ ಆಯ್ದು, ಆಯ್ಕೆ ಎಂಬ ಮಾತಿನಲ್ಲಿ ಇರುವ ‘ಆಯ್’ ಅದರಲ್ಲೂ ಇದೆ. ಹುಡುಕಿ ಆರಿಸಿ ನೋಡುವವರು. ‘ಕಣ್ಕಾಣಿಪ್ಪಾಳರ್’ ಅಂದರೆ ಎಸ್‌ಪಿ, ಕಣ್ಗಾವಲು ಇಡುವವರು. ಅದರ ಹಿಂದೆ ‘ತುಣೈ’ ಇದ್ದರೆ ಡಿಎಸ್‌ಪಿ, ನಮ್ಮ ಕಡೆ ಡಿವೈಎಸ್‌ಪಿ ಎಂದು ಬರೆಯುವವರು. ಕೊಯಮತ್ತೂರು ನಗರಕ್ಕೆ ‘ಆಣೈಯರ್’ ಅಂದರೆ ಕಮಿಷನರ್. ಪೆರಿಯನಾಯಕನಪಾಳ್ಯಂ ಗ್ರಾಮಾಂತರದ್ದು, ಇಲ್ಲಿಗೆ ಎಸ್‌ಪಿ. ಬೆಳಗಾವಿ, ಹುಬ್ಬಳ್ಳಿ-ಧಾರವಾಡದವರಿಗೆ ಈ ನಗರ-ಜಿಲ್ಲೆ ವಿಂಗಡಣೆ ಹೊಸದಲ್ಲ. ಮೇಲಿನ ಅರ್ಜಿ ಯಾರಿಗೆ ಬರೆಯಬೇಕು ಎನ್ನುವುದು ಇದರ ಮೇಲೆ ನಿಂತಿದೆ.

ಎಡವುವ ಜಾಗ ಒಂದಿದೆ. ಎಸ್‌ಐಗೆ ತಮಿಳಿನಲ್ಲಿ ‘ಉದವಿ ಆಯ್ವಾಳರ್’ ಎಂದು ಹೆಸರು. ಉದವಿ ಅಂದರೆ ಸಹಾಯ. ಪದಕ್ಕೆ ಪದ ಇಟ್ಟರೆ ಸಹಾಯಕ ಇನ್‌ಸ್ಪೆಕ್ಟರ್ ಆಗುತ್ತದೆ. ಮಹಾರಾಷ್ಟ್ರದಲ್ಲಿ ‘ಸಹಾಯಕ ಪೋಲೀಸ ನಿರೀಕ್ಷಕ’ ಎಂಬ ಹುದ್ದೆ ನಿಜವಾಗಿಯೂ ಬೇರೆ ಇದೆ, ಎಪಿಐ ಅನ್ನುತ್ತಾರೆ, ಅದು ಪಿಎಸ್‌ಐಗಿಂತ ಮೇಲಿನದು. ಕರ್ನಾಟಕದಲ್ಲಿ ಎಎಸ್‌ಐ ಎಂದು ಇದೆ, ಅದು ಪಿಎಸ್‌ಐಗಿಂತ ಕೆಳಗಿನದು. ತಮಿಳುನಾಡಿನಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ ಬಹಳ ವರ್ಷ ಸರ್ವಿಸ್ ಆದವರು ಎಸ್‌ಎಸ್‌ಐ, ‘ಸಿರಪ್ಪು ಉದವಿ ಆಯ್ವಾಳರ್’ ಆಗುತ್ತಾರೆ. ಹೀಗಾಗಿ ಸಾಂಗಲಿ ಕಡೆಯಿಂದ ಬಂದು ಇಲ್ಲಿ ಚಿನ್ನ ಕರಗಿಸುವ ಕೆಲಸ ಮಾಡುವ ಮರಾಠಿಯವರು ಒಂದು ಹುದ್ದೆ ಅಂದುಕೊಂಡರೆ, ಕೊಳ್ಳೇಗಾಲದವರು ಇನ್ನೊಂದು ಅಂದುಕೊಳ್ಳುತ್ತಾರೆ, ಎದುರಿಗೆ ಕುಳಿತವರು ಮೂರನೆಯದು ಆಗಿರುತ್ತಾರೆ. ಇಲ್ಲಿ ಇಂಗ್ಲಿಷ್ ಅಕ್ಷರಗಳೇ ವಾಸಿ. ಅರ್ಜಿಯಲ್ಲಿ ಎಸ್‌ಐ, ಎಸ್‌ಎಸ್‌ಐ, ಎಚ್‌ಸಿ ಎಂದು ಬರೆದರೆ ಯಾರಿಗೂ ಗೊಂದಲವಿಲ್ಲ. ಕೇಳಲು ಸಂಕೋಚವಾದರೆ ಭುಜ ನೋಡಬಹುದು: ಎರಡು ನಕ್ಷತ್ರ ಇದ್ದರೆ ಎಸ್‌ಐ, ಕೆಂಪು-ನೀಲಿ ಪಟ್ಟಿಯ ಜತೆ ಮೂರು ಇದ್ದರೆ ಇನ್‌ಸ್ಪೆಕ್ಟರ್.

ಉತ್ತರ ಕರ್ನಾಟಕದಿಂದ ಬಂದವರು ಇನ್ನೂ ‘ಫೌಜದಾರ ಸಾಹೇಬರು’ ಅನ್ನುವುದನ್ನು ಇಲ್ಲಿ ಕೇಳಿದ್ದೇನೆ. ಮುಂಬೈ ಪ್ರಾಂತ್ಯದ ಕಾಲದ ಮಾತು, ಎಸ್‌ಐಗೆ ಹೇಳುವುದು. ಹಳೆ ಮೈಸೂರಿನವರು ‘ದಫೇದಾರ’ ಅನ್ನುತ್ತಿದ್ದರು. ಮಾತು ಚೆಂದ, ಆದರೆ ಇಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ.

ಕನ್ನಡ ಪತ್ರಿಕೆಗಳು ಬಳಸುವ ‘ಪೇದೆ’ ಎಂಬ ಪದದ ಬಗ್ಗೆಯೂ ಒಂದು ಮಾತು. ಪಾರ್ಸಿಯ ಪಿಯಾದ, ಅಂದರೆ ಕಾಲ್ನಡಿಗೆಯವನು. ಪೋರ್ಚುಗೀಸರಿಂದ ಬಂದ ‘ಪ್ಯೂನ್’ ಕೂಡ ಕಾಲಾಳೇ, ಚೆಸ್ಸಿನ ‘ಪಾನ್’ ಕೂಡ ಅದೇ. ಆದರೆ ಕಾನ್‌ಸ್ಟೇಬಲ್ ಎಂಬುದರ ಮೂಲ ಲ್ಯಾಟಿನ್, ಕುದುರೆ ಲಾಯದ ಮೇಲ್ವಿಚಾರಕ ಎಂದು ಅರ್ಥ. ಒಂದು ಕಾಲದಲ್ಲಿ ಅರಮನೆಯ ದೊಡ್ಡ ಹುದ್ದೆ ಅದು. ಒಬ್ಬನನ್ನೇ ಇಂಗ್ಲಿಷಿನಲ್ಲಿ ಕುದುರೆಯ ಪಕ್ಕ ನಿಲ್ಲಿಸಿ ಕನ್ನಡದಲ್ಲಿ ಕೆಳಗಿಳಿಸಿ ನಡೆಸಿದ್ದೇವೆ. ಡಿಗ್ರಿ ಓದಿ ಪರೀಕ್ಷೆ ಬರೆದು ಬಂದ ಹುಡುಗ-ಹುಡುಗಿಯರನ್ನು ಪೇದೆ ಎಂದು ಬರೆಯುವುದನ್ನು ಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ‘ಕಾಪ್’ ಎಂಬ ಇಂಗ್ಲಿಷ್ ಪದವೂ ಹೀಗೇ ಅರ್ಜಿಗೆ ಬೇಡ. ಅದು ಹಿಡಿಯುವುದು ಎಂಬರ್ಥದ ಆಡುಮಾತಿನಿಂದ ಬಂದ ಬೀದಿಯ ಪದ. ‘ಕಾನ್‌ಸ್ಟೇಬಲ್ ಆನ್ ಪೆಟ್ರೋಲ್’ನ ಚಿಕ್ಕ ರೂಪ ಎಂದು ಮಕ್ಕಳು ಹೇಳುವುದು ಆಮೇಲೆ ಕಟ್ಟಿದ ಕಥೆ.

ಈ ಪದಗಳು ಹೀಗೆ ಚದುರಿದ್ದಕ್ಕೆ ಹಳೆಯ ಆಡಳಿತ ಕಾರಣ. ಮದ್ರಾಸ್ ಪ್ರಾಂತ್ಯದಲ್ಲಿ ಮೊದಲು ಕಂದಾಯ ವಸೂಲಿಯೂ ಪೊಲೀಸ್ ಕೆಲಸವೂ ಒಬ್ಬರ ಕೈಯಲ್ಲೇ ಇತ್ತು. ತಹಶೀಲ್ದಾರರೇ ಮುಖ್ಯಸ್ಥರು, ಕೆಳಗೆ ಪೇದೆಗಳು, ಹಳ್ಳಿಯಲ್ಲಿ ತಲೈಯಾರಿ, ಅಂದರೆ ನಮ್ಮ ತಳವಾರ. ವಸೂಲಿಗಾಗಿ ರೈತರಿಗೆ ಕೊಡುತ್ತಿದ್ದ ಹಿಂಸೆಯ ಬಗ್ಗೆ 1855ರಲ್ಲಿ ಚಿತ್ರಹಿಂಸೆ ಆಯೋಗದ ವರದಿ ಬಂತು. ನಂತರ 1859ರ ಕಾಯ್ದೆಯಿಂದ ಮದ್ರಾಸಿನಲ್ಲಿ ಪೊಲೀಸ್ ಪ್ರತ್ಯೇಕ ಇಲಾಖೆಯಾಯಿತು, ದೇಶಕ್ಕೆ 1861ರ ಕಾಯ್ದೆ ಬರುವ ಮೊದಲೇ. ಕೊಳ್ಳೇಗಾಲ ತಾಲ್ಲೂಕು 1956ರವರೆಗೂ ಇದೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು ಎಂಬುದು ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಆ ವರ್ಷದ ನವೆಂಬರ್ 1ರಂದು ರಾಜ್ಯ ಬದಲಾಯಿತು, ಠಾಣೆಯ ಪದಗಳೂ ಬದಲಾದವು. ಈ ಕಡೆ ಉಳಿದ ನೆಂಟರಿಗೆ ಬದಲಾಗಲಿಲ್ಲ.

ಪುಗಾರ್ ಬೇರೆ, ಪುಕಾರು ಬೇರೆ

ಹುದ್ದೆಗಳಿಗಿಂತ ಹೆಚ್ಚು ಕೈಕೊಡುವುದು ಒಂದೇ ಥರ ಕೇಳಿಸುವ ಪದಗಳು. ತಮಿಳಿನಲ್ಲಿ ‘ಪುಗಾರ್’ ಅಂದರೆ ದೂರು. ಕನ್ನಡದಲ್ಲಿ ಪುಕಾರು ಅಂದರೆ ಗಾಳಿಸುದ್ದಿ. ‘ಪುಗಾರ್ ಕೊಡುತ್ತೀರಾ’ ಎಂದು ಠಾಣೆಯಲ್ಲಿ ಕೇಳಿದರೆ, ನಮ್ಮ ಮಾತನ್ನು ಗಾಳಿಸುದ್ದಿ ಎನ್ನುತ್ತಿದ್ದಾರೆ ಎಂದು ಹೊಸಬರು ಸಿಟ್ಟಾಗಬಾರದು. ‘ಮನು’ ಅಂದರೆ ಅರ್ಜಿ. ‘ವಿಸಾರಣೈ’ ನಮ್ಮ ವಿಚಾರಣೆಯೇ, ಆದರೆ ಇಲ್ಲಿ ಅದು ಸುಮ್ಮನೆ ಕೇಳಿ ತಿಳಿದುಕೊಳ್ಳುವುದಕ್ಕೂ ಆಗುತ್ತದೆ, ಕೋರ್ಟಿನ ವಿಚಾರಣೆಗೂ ಆಗುತ್ತದೆ. ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಕರೆದವರು ‘ವಿಸಾರಣೈಗೆ ಬನ್ನಿ’ ಅಂದರೆ ಮನೆಯಲ್ಲಿ ರಾತ್ರಿ ಯಾರಿಗೂ ನಿದ್ದೆ ಇಲ್ಲ!

‘ಕೈದು’ ಅಂತೂ ಇನ್ನೂ ಕಷ್ಟ. ತಮಿಳಿನಲ್ಲಿ ಕೈದು ಅಂದರೆ ಬಂಧನ, ಅಷ್ಟೇ. ನಮಗೆ ಕೈದಿ ಅಂದರೆ ಜೈಲಿನಲ್ಲಿ ಇರುವವನು. ‘ಕೈದು ಸೆಯ್ದಾಚ್ಚು’ ಎಂದು ಕೇಳಿದ ಕೂಡಲೇ ಜೈಲಿಗೆ ಹಾಕಿಬಿಟ್ಟರು ಎಂದು ಊರಿಗೆಲ್ಲ ಫೋನ್ ಹೋಗುತ್ತದೆ. ಬಂಧನಕ್ಕೂ ಜೈಲಿಗೂ ನಡುವೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು ಇದೆ, ಜಾಮೀನು ಇದೆ. ಈ ‘ಜಾಮೀನು’ ಒಂದು ಮಾತ್ರ ಪುಣ್ಯಕ್ಕೆ ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಒಂದೇ. ಮಹಜರು ಕೂಡ ಇಲ್ಲಿ ನಡೆಯುತ್ತದೆ. ಬೆಳಗಾವಿ ಕಡೆಯ ಪಂಚನಾಮೆ ನಡೆಯುವುದಿಲ್ಲ.

ಇಂಗ್ಲಿಷಿನಲ್ಲೂ ಇಂಥ ತಂಟೆಗಳಿವೆ. ಪೊಲೀಸ್ ಏಕವಚನದಂತೆ ಕಂಡರೂ ಬಹುವಚನ ಎಂದೆವಲ್ಲ, ‘ಸಮನ್ಸ್’ ಅದರ ಉಲ್ಟಾ. ಕೊನೆಗೆ ‘ಸ್’ ಇದ್ದರೂ ಅದು ಒಂದೇ ಕಾಗದ. ‘ಸಮನ್ಸ್ ಬಂದಿದೆ’ ಅಂದರೆ ನಾಲ್ಕಾರು ಕೇಸು ಬಿದ್ದಿವೆ ಎಂದು ಅರ್ಥವಲ್ಲ. ‘ಅಕ್ಯೂಸ್ಡ್’ ಒಬ್ಬನಿಗೂ ಅದೇ, ಹತ್ತು ಜನಕ್ಕೂ ಅದೇ, ಆದ್ದರಿಂದಲೇ ಎ1, ಎ2 ಎಂದು ನಂಬರ್ ಹಾಕುತ್ತಾರೆ. ‘ಆಲ್ ವಿಮೆನ್ ಪೊಲೀಸ್ ಸ್ಟೇಷನ್’ ಎಂಬ ಬೋರ್ಡು ಓದಿ ಎಲ್ಲ ಹೆಂಗಸರೂ ಅಲ್ಲಿಗೇ ಹೋಗಬೇಕು ಎಂದುಕೊಂಡವರಿದ್ದಾರೆ. ಸಿಬ್ಬಂದಿಯೆಲ್ಲ ಮಹಿಳೆಯರೇ ಎಂಬುದು ಅದರ ಅರ್ಥ. 1992ರಲ್ಲಿ ಚೆನ್ನೈಯಲ್ಲಿ ಶುರುವಾದದ್ದು. ಸರ ಕಿತ್ತುಕೊಂಡು ಹೋದ ದೂರನ್ನು ಹೆಂಗಸರು ಹತ್ತಿರದ ಮಾಮೂಲಿ ಠಾಣೆಯಲ್ಲೇ ಕೊಡಬಹುದು.

ಎಲ್ಲಕ್ಕಿಂತ ಮುಖ್ಯವಾದ ಗೊಂದಲ ಸಿಎಸ್‌ಆರ್. ಬಿ.ಕಾಂ. ಓದಿದವರಿಗೆ ಸಿಎಸ್‌ಆರ್ ಅಂದರೆ ಕಂಪನಿಗಳು ಲಾಭದಲ್ಲಿ ಶೇ. 2ರಷ್ಟು ಸಮಾಜಕ್ಕೆ ಖರ್ಚು ಮಾಡುವ ಬಾಬತ್ತು. ತಮಿಳುನಾಡಿನ ಠಾಣೆಯಲ್ಲಿ ಅದು ‘ಕಮ್ಯುನಿಟಿ ಸರ್ವಿಸ್ ರಿಜಿಸ್ಟರ್’. ಅರ್ಜಿ ತೆಗೆದುಕೊಂಡು ನಂಬರ್ ಹಾಕಿ ರಸೀದಿ ಕೊಡುತ್ತಾರೆ. ಅದು ಎಫ್‌ಐಆರ್ ಅಲ್ಲ. ಕರ್ನಾಟಕದಲ್ಲಿ ಹಿಂಬರಹ, ಮಹಾರಾಷ್ಟ್ರದಲ್ಲಿ ಎನ್‌ಸಿ ಕೊಟ್ಟರೂ ಅದು ಎಫ್‌ಐಆರ್ ಅಲ್ಲ, ಆದರೆ ಅಲ್ಲಿ ಜನರಿಗೆ ಅಭ್ಯಾಸವಿದೆ. ಇಲ್ಲಿ ನಮ್ಮವರು ಮುದ್ರೆ ಬಿದ್ದ ಕಾಗದ ಕೈಗೆ ಬಂದರೆ ಕೇಸು ದಾಖಲಾಯಿತು ಎಂದುಕೊಂಡು ಮನೆಗೆ ಬರುತ್ತಾರೆ, ತಿಂಗಳಾದ ಮೇಲೆ ಗಾಡಿಯ ಇನ್ಶೂರೆನ್ಸ್‌ಗೆ ಎಫ್‌ಐಆರ್ ಬೇಕು ಅಂದಾಗ ಎಚ್ಚರವಾಗುತ್ತಾರೆ.

ಎಫ್‌ಐಆರ್ ಬಗ್ಗೆ ಸಂಹಿತೆಯ 173ನೇ ಕಲಮು ನೋಡಿ. ಗಂಭೀರ ಅಪರಾಧದ ಮಾಹಿತಿಯನ್ನು ಬಾಯಿಮಾತಿನಲ್ಲಿ ಕೊಟ್ಟರೂ ಬರೆದುಕೊಳ್ಳಬೇಕು, ಬರೆದದ್ದನ್ನು ಕೊಟ್ಟವರಿಗೆ ಓದಿ ಹೇಳಬೇಕು, ಸಹಿ ಪಡೆಯಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿ ಕೊಡಬಹುದು, ಝೀರೊ ಎಫ್‌ಐಆರ್ ಅನ್ನುವುದು ಇದಕ್ಕೇ. ಓದಿ ಹೇಳಬೇಕು ಎಂಬ ಮಾತು ನಮ್ಮಂಥವರಿಗೆ ಬಂಗಾರದಂಥದ್ದು. ಬರೆದಿರುವುದು ತಮಿಳಿನಲ್ಲಿ, ಓದಲು ಬಾರದು ಎಂದು ಸುಮ್ಮನೆ ಹೆಬ್ಬೆಟ್ಟು ಒತ್ತಿ ಬರುವುದು ಬೇಡ. ತಮಿಳು ಕೇಳಿದರೆ ನಮಗೆ ತಿಳಿಯುತ್ತದೆ, ಓದಿಸಿಕೊಂಡು ಸಹಿ ಮಾಡಬಹುದು.

ಕನ್ನಡದಲ್ಲೇ ಅರ್ಜಿ ಕೊಡುತ್ತೇವೆ ಎನ್ನುವ ಹಿರಿಯರಿದ್ದಾರೆ. ಸಂವಿಧಾನದ 350ನೇ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಮನವಿ ಕೊಡುವ ಹಕ್ಕು ಕೊಟ್ಟಿದೆ, ಅವರ ಮಾತು ತಪ್ಪಲ್ಲ. ರಸ್ತೆ, ನೀರು, ಶಾಲೆಯ ವಿಷಯಕ್ಕೆ ಕನ್ನಡದಲ್ಲೇ ಕೊಡೋಣ. ಆದರೆ ಕಳವಾದ ಗಾಡಿ ಅನುವಾದಕರಿಗಾಗಿ ಕಾಯುವುದಿಲ್ಲ. ಮೊದಲ ದಿನದ ಕಾಗದ ತಮಿಳು ಅಥವಾ ಇಂಗ್ಲಿಷಿನಲ್ಲಿ ಇರುವುದೇ ಜಾಣತನ. ಬಂಧನದ ವಿಷಯ ಮಾತ್ರ ಬೇರೆ. ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಅಲ್ಲಿ ಕನ್ನಡ ಕೇಳುವುದು ಹಟವಲ್ಲ, ಹಕ್ಕು.

ಫೋನಿನಲ್ಲಿ ಬರುವ ‘ಪೊಲೀಸ್’

ಈಗ ಇನ್ನೊಂದು ಅಪಾಯ. ಠಾಣೆಗೆ ಒಮ್ಮೆಯೂ ಹೋಗದ ಮನೆಗಳಿಗೂ ಪೊಲೀಸ್ ಹೆಸರಿನ ಇಂಗ್ಲಿಷ್ ಪದಗಳು ಫೋನಿನಲ್ಲಿ ಬರುತ್ತಿವೆ. ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕ್ಯಾಮೆರಾ ಆಫ್ ಮಾಡಬೇಡಿ.’ ಎದುರಿಗೆ ಯೂನಿಫಾರಂ, ಹಿಂದೆ ಬೋರ್ಡು. 2024ರ ಅಕ್ಟೋಬರ್ 27ರಂದು ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಇಂಥ ಒಂದು ಕರೆಯ ಸಂಭಾಷಣೆಯನ್ನೇ ಕೇಳಿಸಿದ್ದರು. ಅದು ನಮ್ಮ ವಿಜಯಪುರದ ನಾಗರಿಕರೊಬ್ಬರಿಗೆ ಬಂದ ಕರೆ. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂದು ಆಗಲೇ ಹೇಳಲಾಯಿತು. ಆದರೂ ನಿಲ್ಲಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡು, ಡಿಸೆಂಬರ್ 1ರಂದು ಸಿಬಿಐ ತನಿಖೆಗೆ ಆದೇಶಿಸಿತು.

ಗಡಿಯಾಚೆಯ ಮನೆಯವರು ಇಂಥವರ ಬಲೆಗೆ ಸುಲಭವಾಗಿ ಬೀಳುತ್ತಾರೆ ಎಂಬುದು ನನ್ನ ಆತಂಕ. ಊರಿನಲ್ಲಿದ್ದರೆ ಪಕ್ಕದ ಬೀದಿಯ ಠಾಣೆಗೆ ಹೋಗಿ ‘ಏನ್ರೀ ಸಾಹೇಬ್ರ, ಹಿಂಗ ಫೋನ್ ಬಂದೈತಿ’ ಎಂದು ಕೇಳುತ್ತಾರೆ. ಇಲ್ಲಿ ಭಾಷೆಗೆ ಹೆದರಿ ಠಾಣೆಗೆ ಹೋಗದವರು, ಇಂಗ್ಲಿಷಿನಲ್ಲಿ ಗದರಿದ ದನಿಯನ್ನು ನಂಬಿಬಿಡುತ್ತಾರೆ. ‘ದಿಸ್ ಈಸ್ ಪೊಲೀಸ್’ ಅನ್ನುವವನಿಗೆ ಕೇಳಬೇಕಾದ್ದು ಟೀಚರ್ ಹೇಳಿಕೊಟ್ಟದ್ದೇ: ಪೊಲೀಸ್ ಅಂದರೆ ಜನ, ಅದರಲ್ಲಿ ನೀವು ಯಾರು? ಹೆಸರೇನು, ಹುದ್ದೆ ಏನು, ಯಾವ ಠಾಣೆ? ಕಳ್ಳ ಅದಕ್ಕೂ ಉತ್ತರ ಹೇಳಬಹುದು, ಆದ್ದರಿಂದ ಹೇಳಿದ್ದನ್ನು ಬರೆದುಕೊಂಡು ಫೋನ್ ಇಟ್ಟು, ಹತ್ತಿರದ ನಿಜವಾದ ಠಾಣೆಗೆ ಹೋಗಿ ತೋರಿಸಬೇಕು.

ಅರೆಸ್ಟ್ ಎಂಬ ಪದಕ್ಕೂ ಮೈಗೂ ಸಂಬಂಧವಿದೆ. ಕರ್ನಾಟಕದ ಠಾಣೆ ಕಾಗದಗಳಲ್ಲಿ ಬರುವ ‘ದಸ್ತಗಿರಿ’ ನೆನಪಿಸಿಕೊಳ್ಳಿ. ಪಾರ್ಸಿಯಲ್ಲಿ ದಸ್ತ್ ಅಂದರೆ ಕೈ. ಕೈಯಿಂದ ಹಿಡಿಯುವುದೇ ದಸ್ತಗಿರಿ. ಸಂಹಿತೆಯ 43ನೇ ಕಲಮು ಕೂಡ ಮೈ ಮುಟ್ಟಿ ಅಥವಾ ಅಡ್ಡಗಟ್ಟಿ ಹಿಡಿಯಬೇಕು, ಇಲ್ಲವೇ ಆತನೇ ಮಾತಿನಿಂದಲೋ ನಡೆಯಿಂದಲೋ ವಶಕ್ಕೆ ಒಪ್ಪಿಕೊಳ್ಳಬೇಕು ಎನ್ನುತ್ತದೆ. ಮೆಮೊ ಬೇಕು, ಸಾಕ್ಷಿಯ ಸಹಿ ಬೇಕು. ಮೊಬೈಲ್ ಪರದೆಗೆ ಕೈ ಎಲ್ಲಿದೆ? ಸಾಕ್ಷಿ ಹೇಳಲು ಕರೆದರೂ ಲಿಖಿತ ಆದೇಶ ಬೇಕು. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು ಸಾಕ್ಷಿಯಾಗಿ ಕೇಳಬೇಕಾದರೆ ಅವರಿರುವ ಮನೆಗೇ ಬರಬೇಕು, ತಾವಾಗಿಯೇ ಠಾಣೆಗೆ ಬರಲು ಒಪ್ಪಿದರೆ ಬೇರೆ ಮಾತು ಎಂದು 179ನೇ ಕಲಮಿನಲ್ಲಿದೆ. ಅಜ್ಜಿಯನ್ನು ಠಾಣೆಗೆ ಕರೆದರೆ ಇದನ್ನು ವಿನಯದಿಂದ ನೆನಪಿಸಬಹುದು.

ಕನ್ನಡ ಸಂಘಗಳವರು ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ತರಿಸಲಿ, ಬೇಡವೆನ್ನುವುದಿಲ್ಲ. ಅದರ ಜತೆ ಒಂದು ಹಾಳೆ ಅಚ್ಚು ಹಾಕಿಸಿ ಮನೆಮನೆಗೆ ಕೊಟ್ಟರೆ ಖರ್ಚು ಹೆಚ್ಚಾಗದು: ಮೇಲೆ ಹೇಳಿದ ಹುದ್ದೆಗಳು, ಪುಗಾರ್, ಮನು, ಕೈದು, ಸಿಎಸ್‌ಆರ್, ಎಫ್‌ಐಆರ್, ಮೂರು ಭಾಷೆಯಲ್ಲಿ, ಕನ್ನಡ ಅಕ್ಷರದಲ್ಲಿ. ಕೆಳಗೆ ಖಾಲಿ ಗೆರೆ ಬಿಟ್ಟು ತಾರೀಖು, ಸಮಯ, ಠಾಣೆ, ಮಾತಾಡಿದವರ ಹೆಸರು, ಹುದ್ದೆ ಬರೆದುಕೊಳ್ಳಲು ಜಾಗ ಇಡಬೇಕು. ಪತ್ರಿಕೆಗಳಿಗೂ ಇದರಲ್ಲಿ ಪಾಲಿದೆ. ಪ್ರತಿ ಸುದ್ದಿಯ ಕೊನೆಗೆ ‘ಎಂದು ಪೊಲೀಸರು ತಿಳಿಸಿದ್ದಾರೆ’ ಎಂದು ಮುಗಿಸುವ ಬದಲು ತಿಳಿಸಿದವರು ಯಾರು, ಯಾವ ಹುದ್ದೆಯವರು ಎಂದು ಬರೆದರೆ ಓದುಗರಿಗೂ ರೂಢಿಯಾಗುತ್ತದೆ. ಜಾಗ ಅರ್ಧ ಸಾಲು ಹೆಚ್ಚು ಬೇಕಾಗಬಹುದು, ಡೆಸ್ಕಿನವರು ಹೊಂದಿಸಿಕೊಳ್ಳಲಿ.

ಅಂದ ಹಾಗೆ, ಆನ್‌ಲೈನ್ ವಂಚನೆಯಲ್ಲಿ ಹಣ ಹೋಗಿದ್ದರೆ ತಕ್ಷಣ ಕರೆಯಬೇಕಾದ ನಂಬರ್ 1930, ಉಳಿದ ತುರ್ತಿಗೆ 112. ಹಣ ಕಳುಹಿಸಿದ ಹೊತ್ತು, ಬ್ಯಾಂಕಿನ ಹೆಸರು, ವ್ಯವಹಾರದ ನಂಬರ್ ಇವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕರೆ ಮಾಡಿ. ಎತ್ತಿದವರ ಹೆಸರು, ಕೊಟ್ಟ ದೂರಿನ ನಂಬರ್ ಅದೇ ಚೀಟಿಯ ಕೆಳಗೆ ಬರಲಿ.